ದೂರದೂರಿಗೆ ಕಾರು ಮಾರಿದ್ದು: ಕ್ಯೂಆರ್, ಡಿಡಿ, ಆರ್‌ಟಿಜಿಎಸ್

ಮೊದಲೇ ಹೇಳಿಬಿಡುತ್ತೇನೆ, ದೂರದವರಿಂದ ಕಾರಿನ ದುಡ್ಡು ಪಡೆಯಲು ನನ್ನ ಓಟು ಖಾತೆಯಿಂದ ಖಾತೆಗೆ ದೊಡ್ಡ ಮೊತ್ತ ನೇರ ಕಳಿಸುವ ಆರ್‌ಟಿಜಿಎಸ್‌ಗೆ. ಅದೂ ಕೊಳ್ಳುವವರು ಹಾಸನಕ್ಕೇ ಬಂದು, ಎದುರಿಗೆ ಕೂತು ದುಡ್ಡು ಹಾಕಿದರೆ ಮಾತ್ರ.

ನಮ್ಮ 2013ರ ವ್ಯಾಗನ್ ಆರ್‌ಗೆ ಇಲ್ಲಿನ ಬ್ರೋಕರ್ ಒಬ್ಬರು 2 ಲಕ್ಷದ ಮೇಲೆ ಬರಲಿಲ್ಲ. ನನಗೆ 2 ಲಕ್ಷ 40 ಸಾವಿರ ಬೇಕಿತ್ತು, ಅವಸರವೂ ಇರಲಿಲ್ಲ. ಫೋನಿನ ಆಪ್ ಒಂದರಲ್ಲಿ ಫೋಟೊ ಹಾಕಿದೆ.

ಮೊದಲು ಫೋನ್ ಮಾಡಿದವನು ಮಿಲಿಟರಿಯವನಂತೆ, ಜೋಧಪುರದಲ್ಲಿ ಡ್ಯೂಟಿಯಂತೆ. ಗಾಡಿ ನೋಡಲ್ಲ, ಲಾರಿ ಕಳಿಸ್ತೀನಿ ಅಂದ. ಚೌಕಾಸಿಯನ್ನೂ ಮಾಡಲಿಲ್ಲ. ಇಷ್ಟು ಹಳೇ ಗಾಡಿಗೆ ಚೌಕಾಸಿ ಮಾಡದವನು ಎಂಥಾ ಗಿರಾಕಿ? ಅಡ್ವಾನ್ಸ್ 5,000ಕ್ಕೆ ಕ್ಯೂಆರ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಹೊಡೆಯಿರಿ ಎಂದ. ನಾನು ಹೊಡೆಯುವವನೇ ಇದ್ದೆ, ಮಗಳು ಫೋನ್ ಕಿತ್ತುಕೊಂಡಳು. ಯುಪಿಐನಲ್ಲಿ ಪಿನ್ ಹೊಡೆದರೆ ದುಡ್ಡು ಹೋಗುತ್ತದೆ. ಬರುವ ದುಡ್ಡಿಗೆ ಪಿನ್ ಬೇಡವೇ ಬೇಡ. ಅಪ್ಪಿತಪ್ಪಿ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಡಿಡಿ, ಅಂದರೆ ಬ್ಯಾಂಕ್ ಬರೆದುಕೊಡುವ ಡಿಮಾಂಡ್ ಡ್ರಾಫ್ಟ್, ತಂದವರು ಮಂಗಳೂರು ಕಡೆಯವರು. ಎರಡನೇ ಶನಿವಾರ ಸಂಜೆ ಬಂದರು. ಬ್ಯಾಂಕಿಗೆ ರಜೆ, ಡಿಡಿ ಅಸಲಿಯೋ ನಕಲಿಯೋ ಕೇಳುವುದು ಯಾರನ್ನ? ಸೋಮವಾರ ಬನ್ನಿ ಎಂದೆ. ಬರಲಿಲ್ಲ.

ನಗದು ಬೇಡ ಎಂದು ಮೊದಲೇ ಹೇಳಿದ್ದೆ. ಒಂದು ವಹಿವಾಟಿಗೆ 2 ಲಕ್ಷವಾಗಲಿ ಅದಕ್ಕಿಂತ ಜಾಸ್ತಿಯಾಗಲಿ ನಗದಾಗಿ ತೆಗೆದುಕೊಳ್ಳಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ.

ಕೊನೆಗೆ ಹುಬ್ಬಳ್ಳಿಯವರು. ಅರಸೀಕೆರೆವರೆಗೆ ರೈಲು, ಅಲ್ಲಿಂದ ಬಸ್ಸು. ಬಾನೆಟ್ ಎತ್ತಿ ನೋಡಿದರು, ಟೈರ್ ಸವೆದಿದೆ ಎಂದು 5 ಸಾವಿರ ಇಳಿಸಿದರು. ನನಗೆ ಆಗಲೇ ಸಮಾಧಾನ. 2 ಲಕ್ಷ 35 ಸಾವಿರಕ್ಕೆ ಮುಗಿಯಿತು. ಆರ್‌ಟಿಜಿಎಸ್ ಮಾಡಲು ಕನಿಷ್ಠ 2 ಲಕ್ಷ ಇರಬೇಕು, ಅದೂ ಸರಿಹೋಯಿತು.

ತೊಡಕು ಬಂದದ್ದು ಇಲ್ಲೇ. ನನ್ನ ಖಾತೆಯನ್ನು ಅವರು ತಮ್ಮ ಆಪ್‌ಗೆ ಸೇರಿಸಿದ್ದು ಆಗಷ್ಟೇ. ಹೊಸ ಖಾತೆಗೆ ಮೊದಲ 24 ಗಂಟೆ ಅಷ್ಟು ದೊಡ್ಡ ಮೊತ್ತ ಹೋಗಲ್ಲ ಎಂದು ಅವರ ಬ್ಯಾಂಕಿನ ಆಪ್ ಹಟ ಹಿಡಿಯಿತು. ನಾನು ಹಿಂದಿನ ದಿನವೇ ಖಾತೆ ನಂಬರ್ ಕೊಟ್ಟಿದ್ದರೆ ಈ ಗೋಳು ಇರುತ್ತಿರಲಿಲ್ಲ.

"ಗಾಡಿ ಒಯ್ತೀನ್ರಿ, ನಾಳೆ ರೊಕ್ಕ ಹಾಕ್ತೀನಿ. ಆಧಾರ್ ಇಟ್ಕೋರಿ ಬೇಕಾದ್ರ," ಅಂದರು. ಮನುಷ್ಯ ಒಳ್ಳೆಯವರೇ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೆ ಮೋಸ ಮಾಡುವವನ ಮುಖವೂ ಹಾಗೇ ಇರುತ್ತದೆ ಅಲ್ವಾ? "ಬೇಜಾರು ಮಾಡ್ಕೋಬೇಡಿ ಸಾರ್, ಇವತ್ತು ಇಲ್ಲೇ ಇದ್ದುಬಿಡಿ," ಅಂದೆ. ಅವರ ಮುಖ ಸಣ್ಣದಾಯಿತು. ಬಸ್ ಸ್ಟ್ಯಾಂಡ್ ಹತ್ತಿರ ಲಾಡ್ಜ್ ಮಾಡಿಕೊಟ್ಟೆ, ರಾತ್ರಿ ಮನೆಗೆ ಊಟಕ್ಕೆ ಕರೆದೆ. ಮುದ್ದೆಯನ್ನು ಅಗಿಯಲು ಹೋಗಿ ಅವರೇ ನಕ್ಕರು. ಆಮೇಲೆ ಸರಿಹೋದರು.

ಮರುದಿನ ಮಧ್ಯಾಹ್ನದ ಹೊತ್ತಿಗೆ ದುಡ್ಡು ಬಂತು. ಎಸ್ಎಂಎಸ್ ನಂಬದೆ ಬ್ಯಾಂಕಿಗೇ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕಿಸಿದೆ. ಆಮೇಲೇ ಗಾಡಿಯನ್ನು ಅವರ ಹೆಸರಿಗೆ ಮಾಡಿಸುವ ಫಾರಂ 29, 30ಕ್ಕೆ ಸಹಿ. ಗಾಡಿ ಕೊಟ್ಟ ದಿನ, ಗಂಟೆ ಬರೆದ ಚೀಟಿಗೆ ಇಬ್ಬರೂ ಸಹಿ ಹಾಕಿದೆವು. ಆರ್‌ಸಿಯಲ್ಲಿ ಹೆಸರು ಬದಲಾಗುವ ತನಕ ದಂಡದ ಚೀಟಿ ನನ್ನ ಮನೆಗೇ ಬರುವುದು. ಮಾರಿದ್ದನ್ನು 14 ದಿನದೊಳಗೆ ಆರ್‌ಟಿಒಗೆ ತಿಳಿಸುವುದು ನನ್ನ ಕೆಲಸ, ತಿಳಿಸಿದೆ.

ಬ್ರೋಕರ್‌ಗೆ ಕೊಟ್ಟಿದ್ದರೆ ಅರ್ಧ ದಿನದ ಕೆಲಸ. ನನಗೆ ಪುರುಸೊತ್ತಿತ್ತು, 35 ಸಾವಿರ ಜಾಸ್ತಿ ಸಿಕ್ಕಿತು. ದಿನಾ ಅಂಗಡಿ ತೆಗೆಯಬೇಕಾದವರಿಗೆ ಇದು ಆಗಿಬರಲಿಕ್ಕಿಲ್ಲ.

ಇಷ್ಟೆಲ್ಲ ಮಾಡಿ ಫಾಸ್ಟ್‌ಟ್ಯಾಗ್ ಕ್ಲೋಸ್ ಮಾಡುವುದನ್ನೇ ಮರೆತಿದ್ದೆ. ಸಂಜೆಯಿಂದ ಟೋಲ್ ದುಡ್ಡು ಕಟ್ ಆದ ಮೆಸೇಜು ಒಂದರ ಹಿಂದೆ ಒಂದು. ಅವರು ಎಲ್ಲಿಗೆ ತಲುಪಿದರು ಎಂದು ಫೋನ್ ಮಾಡಿ ಕೇಳುವ ಅಗತ್ಯವೇ ಬೀಳಲಿಲ್ಲ. ರಾತ್ರಿ ಅವರೇ ಲೆಕ್ಕ ಹಾಕಿ ಅಷ್ಟನ್ನೂ ಕಳಿಸಿದರು, ಪಿನ್ ಕೇಳದೆ.