ಚಪ್ಪಟೆ ಕಮಾನಿನ ಬಕ್ಲಿಂಗ್ ಕಿಟ್: ಪಟ್ಟಿ ಚೆನ್ನ, ಬಲಗಡೆಯ ಸಪೋರ್ಟ್ ಸಡಿಲ

ಸ್ಟ್ರಕ್ಚರ್ಸ್ ಪಾಠ ಮಾಡುವವರು, ತೂಕಕ್ಕೆ ಕಮಾನು ಏಕಾಏಕಿ ಬಾಗಿ ಕುಸಿಯುವುದನ್ನು (ಬಕ್ಲಿಂಗ್) ತೋರಿಸುವ ಈ ಕಿಟ್ ಕೊಳ್ಳಬಹುದು. ಆದರೆ ಬಳಸುವ ಮೊದಲು ಬಲಗಡೆಯ ಸಪೋರ್ಟ್ ಸರಿಮಾಡಿಕೊಳ್ಳಲೇಬೇಕು.

ಪಟ್ಟಿ ಸೊಗಸಾಗಿದೆ. ಕಮಾನಿನಾಕಾರಕ್ಕೆ ಮೊದಲೇ ಬಾಗಿಸಿದ ಉಕ್ಕು, 25 ಮಿ.ಮೀ. ಅಗಲ, ಅರ್ಧ ಮಿ.ಮೀ. ದಪ್ಪ, 500 ಮಿ.ಮೀ. ಸ್ಪ್ಯಾನಿಗೆ (ಎರಡು ತುದಿಗಳ ನಡುವಿನ ದೂರಕ್ಕೆ) ನಡುವೆ 10 ಮಿ.ಮೀ. ಏರು. ತುದಿಗಳು ತಿರುಗುವಂತೆ ಹಿಂಜ್ ಹಾಕಬಹುದು, ಕ್ಲ್ಯಾಂಪ್ ಮಾಡಿ ತಿರುಗದಂತೆ ಫಿಕ್ಸೆಡ್ ಆಗಿಯೂ ಇಡಬಹುದು. ಹಿಂಜ್ ಹಾಕಿ ನಡುವೆ ತೂಕ ಏರಿಸುತ್ತ ಹೋದರೆ ಕಮಾನು ನೆಟ್ಟಗೆ ಇಳಿಯುವುದಿಲ್ಲ. ಒಂದು ಪಕ್ಕಕ್ಕೆ ವಾಲುತ್ತದೆ, ಅರ್ಧ ಉಬ್ಬಿ ಅರ್ಧ ತಗ್ಗಿ, ಟಪ್ಪನೆ ಕೆಳಮುಖವಾಗಿ ತಿರುಗಿಬೀಳುತ್ತದೆ. ವಿದ್ಯಾರ್ಥಿಗಳು ಆ ವಾಲುವಿಕೆಯನ್ನು ಕಣ್ಣಾರೆ ಕಾಣಬೇಕು! ಲೆಕ್ಕದ ಪ್ರಕಾರ ಹಾಗೆ ವಾಲಲು ಪಟ್ಟಿಯೊಳಗೆ ಉದ್ದಕ್ಕೂ ಬೇಕಾದ ಒತ್ತಡ ಹಿಂಜ್‌ಗೆ ಸುಮಾರು 8 ನ್ಯೂಟನ್, ಫಿಕ್ಸೆಡ್ ತುದಿಗಳಿಗೆ ಸುಮಾರು 17.

ತುದಿ ತಿರುಗುತ್ತದೋ ಇಲ್ಲವೋ ಎಂಬಷ್ಟಕ್ಕೇ ಕೈಪಿಡಿ ನಿಂತುಬಿಟ್ಟಿದೆ. ತುದಿ ಪಕ್ಕಕ್ಕೆ ಸರಿದರೆ? ಚಪ್ಪಟೆ ಕಮಾನಿನ ಜೀವವೇ ಅಲ್ಲಿದೆ. ಬಾಗಿದ ಈ ಪಟ್ಟಿ ಸ್ಪ್ಯಾನಿಗಿಂತ ಉದ್ದವಿರುವುದು ಬರೀ ಅರ್ಧ ಮಿ.ಮೀ. ಸಪೋರ್ಟ್ ಹತ್ತರಲ್ಲೊಂದು ಮಿ.ಮೀ. ಹೊರಗೆ ಸರಿದರೂ ಏರು 10ರಿಂದ 9ರ ಹತ್ತಿರಕ್ಕೆ ಇಳಿಯುತ್ತದೆ. 8 ನ್ಯೂಟನ್ ಒತ್ತಡಕ್ಕೆ ಪಟ್ಟಿ ತಾನಾಗಿ ಕುಗ್ಗುವುದು ಮಿ.ಮೀ.ನ ಸಾವಿರದಲ್ಲಿ ಎರಡು ಭಾಗಕ್ಕಿಂತಲೂ ಕಡಿಮೆ. ಅಂದರೆ ಸಪೋರ್ಟಿನ ಸಡಿಲವೇ ಎಲ್ಲವನ್ನೂ ತೀರ್ಮಾನಿಸುತ್ತದೆ, ಮತ್ತು ನನಗೆ ಬಂದ ಕಿಟ್‌ನಲ್ಲಿ ಬಲತುದಿಯನ್ನು ಹಿಡಿದಿರುವ, ಪಕ್ಕಕ್ಕೆ ಸರಿಸಬಹುದಾದ ಜಾರುಕಟ್ಟೆ ಸ್ಕ್ರೂ ಬಿಗಿದ ಮೇಲೂ ಅಲುಗಾಡುತ್ತಿತ್ತು. ಫಿಕ್ಸೆಡ್ ತುದಿಯ ಫಲಿತಾಂಶಗಳು ಅದರಿಂದ ಲೆಕ್ಕಕ್ಕಿಂತ ತೀರಾ ಕೆಳಗೆ ಬಂದವು. ಉಕ್ಕಿನ ತುಂಡೊಂದನ್ನು ಹಿಂದೆ ಒತ್ತಿ ಬೋಲ್ಟ್ ಮಾಡಿಸಿದೆ, ಸರಿಹೋಯಿತು.

ಅದೇ ಜಾರುಕಟ್ಟೆಯ ಹಿಂದೆ ಸ್ಪ್ರಿಂಗ್ ಕೂರಿಸಲು ಜಾಗವಿದೆ. ತಯಾರಕರು ಅದರ ಬಗ್ಗೆ ಒಂದು ಮಾತೂ ಬರೆಯದಿರುವುದು ನನಗೆ ಬೇಸರ ತಂದಿದೆ. ಹಿಂಜ್ ತುದಿಗಳಿಗೆ, ಒಂದು ಮಿ.ಮೀ. ಕುಗ್ಗಲು ಸುಮಾರು 20 ನ್ಯೂಟನ್‌ಗಿಂತ ಕಡಿಮೆ ಬಲ ಸಾಕಾಗುವ ಮೆತ್ತನೆಯ ಸ್ಪ್ರಿಂಗ್ ಇಟ್ಟರೆ ವಾಲುವಿಕೆ ಇಲ್ಲವಾಗಿ ಕಮಾನು ಎರಡೂ ಕಡೆ ಸಮನಾಗಿ ಕುಸಿಯುತ್ತದೆ. 4ಕ್ಕಿಂತ ಕೆಳಗೆ ಹೋದರೆ ಟಪ್ಪೆನ್ನುವುದೇ ಇಲ್ಲ, ಕಮಾನು ಮೆಲ್ಲಗೆ ಬಾಗುತ್ತ ಇಳಿದುಬಿಡುತ್ತದೆ. ಪಟ್ಟಿ ಅದೇ, ತೂಕಗಳೂ ಅವೇ.

ಜೊತೆಗೆ ಒಂದು ಡಯಲ್ ಗೇಜ್ (ಸಣ್ಣ ಸರಿದಾಟವನ್ನೂ ಅಳೆಯುವ ಮುಳ್ಳಿನ ಮಾಪಕ) ಇಟ್ಟುಕೊಳ್ಳಿ. ಅದನ್ನು ಕಮಾನಿನ ನಡುವೆ ಇಡುವ ಮೊದಲು ಬಲಗಡೆಯ ಸಪೋರ್ಟಿಗೆ ತಾಗಿಸಿ ನೋಡಿ.