ಬಕಿಂಗ್‌ಹ್ಯಾಮೋ ವಿಂಡ್ಸರೋ? ಕಾವಲು ಬದಲಾವಣೆ ನೋಡಲು ನನ್ನ ಓಟು ವಿಂಡ್ಸರ್‌ಗೆ

ಊರಿಂದ ಅಪ್ಪ ಅಮ್ಮ ಬಂದರೆ ಲಂಡನ್ನಿನಲ್ಲಿರುವ ನಮ್ಮವರು ಕಾವಲುಗಾರರು ಪಾಳಿ ಬದಲಿಸುವ ಸಮಾರಂಭಕ್ಕೆಂದು ಕಣ್ಣು ಮುಚ್ಚಿಕೊಂಡು ಕರೆದೊಯ್ಯುವುದು ಬಕಿಂಗ್‌ಹ್ಯಾಮ್ ಅರಮನೆಗೆ. ನನ್ನ ಕೇಳಿದರೆ, ರಾಜಮನೆತನದ ಕೋಟೆಯಿರುವ ವಿಂಡ್ಸರ್ ಊರಿನ ರೈಲು ಹತ್ತಿ. ಕೆಂಪು ಕೋಟು, ಕರಡಿ ತುಪ್ಪಳದ ಟೋಪಿ ಎರಡೂ ಕಡೆ ಅವೇ. ನಿಮಗೆ ನಿಲ್ಲಲು ಎಲ್ಲಿ ಜಾಗ ಸಿಗುತ್ತದೆ ಅನ್ನುವುದೇ ಮುಖ್ಯ.

ಬಕಿಂಗ್‌ಹ್ಯಾಮ್‌ನ ತಾಪತ್ರಯವೆಂದರೆ ಸಮಾರಂಭ ಒಂದೇ ಕಡೆ ನಡೆಯುವುದಿಲ್ಲ. ಹಳೇ ಕಾವಲಿನ ಒಂದು ತುಕಡಿ ಸೇಂಟ್ ಜೇಮ್ಸ್ ಅರಮನೆಯಿಂದ ಮಾಲ್ ರಸ್ತೆ ಹಿಡಿದು ಬರುತ್ತದೆ, ಹೊಸಬರು ವೆಲ್ಲಿಂಗ್ಟನ್ ಬ್ಯಾರಕ್ಸ್‌ನಿಂದ ಹೊರಡುತ್ತಾರೆ. ಇಬ್ಬರೂ ಸೇರುವುದು ಅರಮನೆಯ ಮುಂದಿನ ಅಂಗಳದಲ್ಲಿ, ಕಬ್ಬಿಣದ ಬೇಲಿಯಾಚೆ. ಬೇಲಿಗೆ ಅಂಟಿಕೊಂಡು ನಿಂತವರಿಗೆ ಅಂಗಳ ಕಾಣುತ್ತದೆ, ಆದರೆ ಅದಕ್ಕೆ ಒಂದೂವರೆ ಗಂಟೆ ಮೊದಲೇ ಹೋಗಿ ಜಾಗ ಹಿಡಿದು ಅಲುಗಾಡದೆ ನಿಲ್ಲಬೇಕು. ವಿಕ್ಟೋರಿಯಾ ಸ್ಮಾರಕದ ಮೆಟ್ಟಿಲ ಮೇಲೆ ನಿಂತವರಿಗೆ ಮೆರವಣಿಗೆ ಸಿಗುತ್ತದೆ, ಒಳಗಿನದು ಸಿಗುವುದಿಲ್ಲ.

ಈ ಕಷ್ಟ ತಪ್ಪಿಸಲೆಂದೇ ದುಡ್ಡು ಕೊಟ್ಟು ಗೈಡ್ ಜೊತೆಗಿನ ನಡಿಗೆ ಪ್ರವಾಸವೊಂದನ್ನು ಬುಕ್ ಮಾಡಿದ್ದೆ. ‘ಜನ ಸೇರುವ ಮೊದಲೇ ಒಳ್ಳೇ ಜಾಗಕ್ಕೆ ಮುಟ್ಟಿಸುತ್ತೇವೆ’ ಎಂದಿದ್ದರು. ಮುಟ್ಟಿಸಿದ್ದು ಓಡಿಸಿಕೊಂಡು! ಸೇಂಟ್ ಜೇಮ್ಸ್‌ನಲ್ಲಿ ಎರಡು ನಿಮಿಷ, ಅಲ್ಲಿಂದ ಮಾಲ್‌ಗೆ, ಅಲ್ಲಿಂದ ಉದ್ಯಾನ ಸೀಳಿಕೊಂಡು ಬ್ಯಾರಕ್ಸ್‌ಗೆ. ಗೈಡ್ ಎತ್ತಿ ಹಿಡಿದ ಹಳದಿ ಕೊಡೆಯೊಂದೇ ನಮ್ಮ ದಾರಿ. ಅಮ್ಮನಿಗೆ ಮಂಡಿ ನೋವು. ಸ್ವಲ್ಪ ನಿಧಾನ ಮಾಡಿ ಅಂದರೆ, ಬ್ಯಾಂಡು ನಮಗಾಗಿ ಕಾಯುವುದಿಲ್ಲ ಅಂತ ಉತ್ತರ. ಕೊನೆಗೆ ಅಮ್ಮ ಉದ್ಯಾನದ ಬೆಂಚಿನ ಮೇಲೆ ಕೂತೇಬಿಟ್ಟರು. ‘ತಿಮ್ಮಪ್ಪನ ದರ್ಶನಕ್ಕೂ ಇಷ್ಟು ಒದ್ದಾಡಿರಲಿಲ್ಲ ಕಣೋ.’ ಬ್ಯಾಂಡು ಕೇಳಿಸಿತು, ಟೋಪಿಗಳ ತುದಿ ಕಂಡಿತು, ಅಷ್ಟೇ. ಬೀದಿಯಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡುವಂಥದ್ದಕ್ಕೆ ತೆತ್ತ ಹಣ ವಾಪಸ್ ಬರಲಿಲ್ಲ.

ಜೋರು ಮಳೆಯಾದರೆ ಎರಡೂ ಕಡೆ ರದ್ದಾಗಬಹುದು.

ವಿಂಡ್ಸರ್‌ನಲ್ಲಿ ಸಾಮಾನ್ಯವಾಗಿ ಮಂಗಳವಾರ, ಗುರುವಾರ, ಶನಿವಾರ ಬೆಳಗ್ಗೆ 11ಕ್ಕೆ. ಮಂಗಳವಾರ ಕೋಟೆಗೆ ಪ್ರವಾಸಿಗರನ್ನು ಬಿಡುವುದಿಲ್ಲ, ಬೀದಿಯ ಮೆರವಣಿಗೆಯಷ್ಟೇ. ಹಾಗಾಗಿ ಗುರುವಾರ ಇಲ್ಲವೇ ಶನಿವಾರ ಹೋಗಿ. ಬಾಗಿಲು ತೆಗೆಯುವ 10 ಗಂಟೆಗೇ ತಪಾಸಣೆ ಮುಗಿಸಿ ಒಳಹೊಕ್ಕರೆ, ವಿಕ್ಟೋರಿಯಾ ಬ್ಯಾರಕ್ಸ್‌ನಿಂದ ಹೈ ಸ್ಟ್ರೀಟ್ ಏರಿ ಬರುವ ತುಕಡಿ ನೀವು ನಿಂತಲ್ಲಿಗೇ ಬರುತ್ತದೆ. ಎಷ್ಟು ಹತ್ತಿರ ಅಂದರೆ ಅಪ್ಪ ಕೋಟಿನ ಗುಂಡಿ ಎಣಿಸುತ್ತಾ ನಿಂತರು. ಗುಂಡಿಗಳು ಎರಡೆರಡಾಗಿದ್ದವು, ಅಂದರೆ ಆ ಪಡೆ ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್. ಬಿಡಿಬಿಡಿಯಾಗಿದ್ದರೆ ಗ್ರೆನೇಡಿಯರ್, ಮೂರು ಮೂರಾದರೆ ಸ್ಕಾಟ್ಸ್, ನಾಲ್ಕು ಐರಿಷ್, ಐದು ವೆಲ್ಷ್.

ಸಮಾರಂಭ ಮುಗಿದರೂ ಕೋಟೆಯ ಟಿಕೆಟ್ ಮುಗಿಯುವುದಿಲ್ಲ. ಒಳಗೆ ಗ್ರ್ಯಾಂಡ್ ವೆಸ್ಟಿಬ್ಯೂಲ್ ಎಂಬ ಹಜಾರದಲ್ಲಿ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ದೋಚಿದ ಟಿಪ್ಪು ಸಿಂಹಾಸನದ ಹುಲಿ ತಲೆ ಇದೆ: ಮರದ ಮೇಲೆ ಚಿನ್ನದ ತಗಡು, ಸ್ಫಟಿಕದ ಕಣ್ಣು, ಸ್ಫಟಿಕದ ಹಲ್ಲು. ಅದೇ ಸಿಂಹಾಸನದ ರತ್ನಖಚಿತ ಹುಮಾ ಹಕ್ಕಿಯೂ ಉಂಟು. ಅಪ್ಪ ಅಲ್ಲಿಂದ ಕದಲಲು ಒಪ್ಪಲಿಲ್ಲ, ಬಯ್ಯುವುದನ್ನೂ ನಿಲ್ಲಿಸಲಿಲ್ಲ. ಬಕಿಂಗ್‌ಹ್ಯಾಮ್‌ನ ದರ್ಬಾರು ಕೋಣೆಗಳು ಮುಖ್ಯವಾಗಿ ಬೇಸಿಗೆಯಲ್ಲಿ ತೆರೆಯುತ್ತವೆ. 1993ರಲ್ಲಿ ಜನರಿಗೆ ಮೊದಲು ತೆರೆದದ್ದೇ, ಹಿಂದಿನ ವರ್ಷ ಬೆಂಕಿಗೆ ಸಿಕ್ಕ ವಿಂಡ್ಸರ್ ರಿಪೇರಿಗೆ ಹಣ ಹೊಂದಿಸಲು.

ಖರ್ಚು? ವಿಂಡ್ಸರ್ ದುಬಾರಿ. ದೊಡ್ಡವರಿಗೆ ತಲೆಗೆ 30 ಪೌಂಡಿಗೂ ಮೇಲೆ, ರೈಲು ಬೇರೆ. ಪ್ಯಾಡಿಂಗ್ಟನ್‌ನಿಂದ ಹೊರಟು ಸ್ಲೌನಲ್ಲಿ ಬದಲಿಸಿದರೆ ಇಳಿಯುವ ನಿಲ್ದಾಣ ಕೋಟೆಯ ಬುಡದಲ್ಲೇ, ಮಂಡಿಗೆ ಅದು ಲಾಭ. ಊಟ ಪುಳಿಯೋಗರೆ ಡಬ್ಬಿಯಲ್ಲೇ ಆಯಿತು. ಹೊರಡುವ ಮುನ್ನ ಟಿಕೆಟ್ಟಿಗೆ ಮುದ್ರೆ ಒತ್ತಿಸಿದ್ದರಿಂದ ಅದು ವರ್ಷದ ಪಾಸ್ ಆಯಿತು. ಮುಂದೆ ಅತ್ತೆ ಮಾವ ಬಂದಾಗ ನನ್ನ ಪಾಲಿನ ಟಿಕೆಟ್ ಉಳಿಯಿತು.

ಅಷ್ಟು ಹಣ ಬೇಡ ಅನ್ನುವವರೂ ಬಕಿಂಗ್‌ಹ್ಯಾಮ್ ಬೇಲಿಗೆ ಜೋತುಬೀಳಬೇಕಿಲ್ಲ. ವೈಟ್‌ಹಾಲ್ ರಸ್ತೆಯಲ್ಲಿ ಕುದುರೆ ಸವಾರರು ಕಾವಲಿರುವ ಹಾರ್ಸ್ ಗಾರ್ಡ್ಸ್ ಕಟ್ಟಡಕ್ಕೆ ಸಂಜೆ 4ಕ್ಕೆ ಹೋಗಿ. 1894ರಲ್ಲಿ ಕಾವಲುಗಾರರು ಕುಡಿದು ಜೂಜಾಡುತ್ತಿದ್ದುದನ್ನು ಕಂಡ ವಿಕ್ಟೋರಿಯಾ ರಾಣಿ, ನೂರು ವರ್ಷ ದಿನಾ 4 ಗಂಟೆಗೆ ತಪಾಸಣೆ ಎಂದು ಶಿಕ್ಷೆ ಕೊಟ್ಟಳಂತೆ. ಶಿಕ್ಷೆಯ ಅವಧಿ ಮುಗಿದರೂ ರೂಢಿ ಬಿಟ್ಟಿಲ್ಲ. ಕಾಸಿಲ್ಲ, ನೂಕುನುಗ್ಗಲು ಕಮ್ಮಿ, ಕುದುರೆಗಳೂ ಇವೆ. ಬೆಳಗಿನ ಕಾವಲು ಬದಲಾವಣೆಯೇ ಬೇಕೆಂದರೆ ಅಲ್ಲಿ 11ಕ್ಕೆ, ಭಾನುವಾರ ಮಾತ್ರ 10ಕ್ಕೆ.