ಲೋವರ್ ಪರೇಲಿನ ಡಿಜಿಟಲ್ ಏಜೆನ್ಸಿಯಲ್ಲಿ 23 ತಿಂಗಳು: ಎಲ್ಲಿಯೂ ಬರೆಯದ ಗಂಟೆಗಳು

ಐದಕ್ಕೆ ಎರಡು ಅಂಕ ಕೊಡುತ್ತೇನೆ. ಆ ಎರಡೂ ಅಲ್ಲಿ ನನ್ನ ಜೊತೆ ಕೆಲಸ ಮಾಡಿದವರಿಗೆ ಸಲ್ಲಬೇಕು.

ಕಂಪನಿಯ ಹೆಸರು ಹೇಳುವುದಿಲ್ಲ. ಬ್ರಾಂಡ್‌ಗಳಿಗೆ ಸಾಮಾಜಿಕ ಜಾಲತಾಣಗಳ ಜಾಹೀರಾತು ಮಾಡಿಕೊಡುವ, ಮುಂಬಯಿಯಲ್ಲಿ ಹಿಂದೆ ಬಟ್ಟೆ ಗಿರಣಿ ಇದ್ದ ಆವರಣದಲ್ಲಿರುವ, ಸುಮಾರು 60 ಮಂದಿಯ ಕಚೇರಿ ಅದು. 2023ರ ಫೆಬ್ರವರಿಯಿಂದ 2025ರ ಜನವರಿಯವರೆಗೆ ಅಲ್ಲಿ ಕಾಪಿರೈಟರ್, ಅಂದರೆ ಜಾಹೀರಾತಿನ ಮಾತು ಬರೆಯುವವಳು, ಆಗಿದ್ದೆ. ನಾನು ಹುಟ್ಟಿ ಬೆಳೆದದ್ದು ಮುಂಬಯಿಯ ದೂರದ ಉಪನಗರ ಡೊಂಬಿವಲಿಯಲ್ಲಿ. ಅಪ್ಪ ಕುಂದಾಪುರದ ಕಡೆಯವರು. ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಮಾಟುಂಗದ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಮೂವತ್ತು ವರ್ಷ ಕೂತರು. ಈ ವಿಮರ್ಶೆಯಲ್ಲಿ ಅವರ ಮಾತು ಮತ್ತೆ ಬರುತ್ತದೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಸಂಬಳ ಒಂದು ತಿಂಗಳೂ ತಪ್ಪಲಿಲ್ಲ. ನನ್ನ ಮೇಲಿನ ಕಾಪಿರೈಟರ್ ಒಬ್ಬರು, ಹದಿನೈದು ಪದಗಳ ವಾಕ್ಯವನ್ನು ಆರು ಪದಕ್ಕೆ ಇಳಿಸುವುದನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಕಲಿಸಿದರು. ಸಾತಾರಾದ ಹುಡುಗ ಡಿಸೈನರ್ ಆಗಿದ್ದ. ಮರಾಠಿಯಲ್ಲಿ ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದ. ನನ್ನ ಡಬ್ಬಿಯ ನೀರುದೋಸೆಯಲ್ಲಿ ಅರ್ಧ ಅವನಿಗೇ ಹೋಗುತ್ತಿತ್ತು. ಇಂಥವರು ಸಿಕ್ಕಿದ್ದು ನನ್ನ ಪುಣ್ಯ.

ಇನ್ನು ಕೆಲಸದ ರೀತಿ. ಹೊಸಬರಿಗೆ ಇದನ್ನು ಯಾರೂ ವಿವರಿಸುವುದಿಲ್ಲವಾದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಕ್ಲೈಂಟ್ ತಿಂಗಳಿಗೆ ಇಷ್ಟು ಎಂದು ನಿಗದಿಯಾದ ಹಣ ಕೊಡುತ್ತಾನೆ. ಅದಕ್ಕೆ ರಿಟೇನರ್ ಎನ್ನುತ್ತಾರೆ. ಆ ಹಣಕ್ಕೆ ಇಷ್ಟು ಪೋಸ್ಟ್, ಇಷ್ಟು ವಿಡಿಯೊ ಎಂದು ಕರಾರು. ಆದರೆ ಒಂದು ಪೋಸ್ಟನ್ನು ಎಷ್ಟು ಸಲ ತಿದ್ದಿ ಕೊಡಬೇಕು ಎಂಬುದಕ್ಕೆ ನಮ್ಮ ಕರಾರುಗಳಲ್ಲಿ ಮಿತಿ ಇರಲಿಲ್ಲ. ಏಳನೆಯ ಸಲ ತಿದ್ದಿದರೂ ಏಜೆನ್ಸಿಗೆ ಬರುವುದು ಅದೇ ಹಣ. ಹೊಸ ಕ್ಲೈಂಟನ್ನು ಹಿಡಿಯಲು ಮಾಡುವ ಪಿಚ್‌ಗೆ ಅದೂ ಇಲ್ಲ. ಹಣ ಬಾರದ ಈ ಕೆಲಸವನ್ನೆಲ್ಲ ಯಾರಾದರೂ ಮಾಡಲೇಬೇಕಲ್ಲ? ಅದು ನಮ್ಮ ರಾತ್ರಿಗಳಿಗೆ ಬರುತ್ತಿತ್ತು. ಸೇರುವಾಗ ನನ್ನ ಕೈಯಲ್ಲಿ ಮೂರು ಬ್ರಾಂಡ್ ಇದ್ದವು, ಬಿಡುವಾಗ ಏಳು. ನಡುವೆ ಇಬ್ಬರು ಕೆಲಸ ಬಿಟ್ಟರು, ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ.

2024ರ ಜೂನ್ 29ರ ಶನಿವಾರವನ್ನು ನೀವು ಬಹುಶಃ ಸಂತೋಷದಿಂದ ನೆನೆಯುತ್ತೀರಿ. ಬಾರ್ಬಡೋಸ್‌ನಲ್ಲಿ ಭಾರತ ದಕ್ಷಿಣ ಆಫ್ರಿಕಾವನ್ನು 7 ರನ್ನುಗಳಿಂದ ಸೋಲಿಸಿ ಟಿ20 ವಿಶ್ವಕಪ್ ಗೆದ್ದ ರಾತ್ರಿ. ನಾವು ಆರು ಮಂದಿ ಕಚೇರಿಯಲ್ಲಿದ್ದೆವು. ಬಿಸ್ಕತ್ತಿನ ಬ್ರಾಂಡ್ ಒಂದಕ್ಕೆ ಗೆದ್ದರೆ ಹಾಕಲು ಒಂದು ಪೋಸ್ಟ್, ಸೋತರೆ ಹಾಕಲು ಇನ್ನೊಂದು, ಎರಡೂ ಮಧ್ಯಾಹ್ನವೇ ಒಪ್ಪಿಗೆಯಾಗಿದ್ದವು. ಕೊನೆಯ ಓವರಿನಲ್ಲಿ ಸೂರ್ಯಕುಮಾರ್ ಯಾದವ್ ಬೌಂಡರಿ ಗೆರೆಯ ಬಳಿ ಆ ಕ್ಯಾಚ್ ಹಿಡಿದಾಗ ರಸ್ತೆಯಲ್ಲೆಲ್ಲ ಕೂಗು ಎದ್ದಿತು. ನನ್ನ ಮೊಬೈಲಿಗೆ ಸಂದೇಶ ಬಂತು: ‘ಕ್ಯಾಚ್ ಇಟ್ಟುಕೊಂಡು ಹೊಸದಾಗಿ ಮಾಡಿ.’ ಅಲ್ಲಿಂದ ಶುರುವಾದದ್ದು ಹನ್ನೊಂದು ತಿದ್ದುಪಡಿ. ರಾತ್ರಿ 2.50ಕ್ಕೆ ಒಪ್ಪಿಗೆಯಾಗಿದ್ದು ಮಧ್ಯಾಹ್ನದ ಮೊದಲ ಪೋಸ್ಟೇ. ಅಷ್ಟರಲ್ಲಿ ಕರಿ ರೋಡ್ ಸ್ಟೇಷನ್ನಿನಿಂದ ಹೊರಡುವ ಲೋಕಲ್ ರೈಲುಗಳು ನಿಂತಿದ್ದವು. ಡೊಂಬಿವಲಿಯವರೆಗೆ ಟ್ಯಾಕ್ಸಿಗೆ ಸುಮಾರು 1,200 ರೂಪಾಯಿ ನಾನೇ ಕೊಟ್ಟೆ. ಅದು ಕೈಗೆ ಬಂದದ್ದು ಎರಡು ತಿಂಗಳ ನಂತರ.

ನಾನು ಅಲ್ಲಿದ್ದ ಕಾಲದಲ್ಲಿ ಹತ್ತು ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಚೇರಿಗಳಿಗೆ ಮಹಾರಾಷ್ಟ್ರದಲ್ಲಿ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾನೂನು ಅನ್ವಯಿಸುತ್ತಿತ್ತು. ಆಗ ಅದರ ಪ್ರಕಾರ ಕೆಲಸದ ಅವಧಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಅದನ್ನು ಮೀರಿದರೆ ಇಮ್ಮಡಿ ದರದ ಕೂಲಿ. ರಾತ್ರಿ 9.30ರ ನಂತರ ಮಹಿಳೆಯರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕಾದರೆ ಅವರ ಒಪ್ಪಿಗೆ ಬೇಕು, ಮನೆ ಬಾಗಿಲವರೆಗೆ ತಲುಪಿಸುವ ವಾಹನ ಬೇಕು. ನಾನು ಇದನ್ನೆಲ್ಲ ಓದಿದ್ದು ಆ ಟ್ಯಾಕ್ಸಿಯ ರಾತ್ರಿಯ ನಂತರ. ಸೇರುವ ಮೊದಲೇ ಓದಬೇಕಿತ್ತು.

ಹೆಚ್ಚು ಗಂಟೆ ದುಡಿದದ್ದರ ಬಗ್ಗೆ ನನಗೆ ಅಷ್ಟೊಂದು ಕೋಪವಿಲ್ಲ. ಹೋಟೆಲಿನವರ ಮಗಳು, ದುಡಿಮೆ ನೋಡಿಯೇ ಬೆಳೆದವಳು. ಕೋಪವಿರುವುದು ಟೈಮ್‌ಶೀಟಿನ ಬಗ್ಗೆ. ಪ್ರತಿ ಶುಕ್ರವಾರ ಯಾವ ಬ್ರಾಂಡಿಗೆ ಎಷ್ಟು ಗಂಟೆ ಎಂದು ತುಂಬಬೇಕಿತ್ತು. ಮೊದಲ ತಿಂಗಳು ಇದ್ದದ್ದನ್ನು ಇದ್ದ ಹಾಗೆ ತುಂಬಿದೆ: 11, 12, 13. ಮ್ಯಾನೇಜರ್ ಕರೆದು, ‘ದಿನಕ್ಕೆ 8ರ ಮೇಲೆ ಹಾಕಬೇಡಿ, ಆ ಕ್ಲೈಂಟಿನ ಲೆಕ್ಕ ನಷ್ಟ ತೋರಿಸುತ್ತದೆ’ ಎಂದರು. ಅಂದಿನಿಂದ ಎಲ್ಲರ ಹಾಗೆ 8 ಎಂದು ತುಂಬತೊಡಗಿದೆ. ಇನ್ನೊಬ್ಬ ಕಾಪಿರೈಟರ್ ಬೇಕು ಎಂದು ನಾವು ಕೇಳಿದಾಗ ಅದೇ ಟೈಮ್‌ಶೀಟನ್ನು ನಮ್ಮ ಮುಂದೆ ಹಿಡಿದು, ‘ನೋಡಿ, ಎಲ್ಲರೂ 8 ಗಂಟೆಯಲ್ಲಿ ಮುಗಿಸುತ್ತಿದ್ದೀರಿ’ ಎಂದರು.

ಇದನ್ನು ಮನೆಯಲ್ಲಿ ಹೇಳಿದಾಗ ಅಪ್ಪ ಊಟ ನಿಲ್ಲಿಸಿ ಕೇಳಿದರು: ‘ಬರೆಯದ ಗಂಟೆಯ ಲೆಕ್ಕ ಯಾರಿಗೆ ಕೊಡುತ್ತೀ? ನಮ್ಮಲ್ಲಿ ಎರಡು ಇಡ್ಲಿ ಹೆಚ್ಚು ಹೋದರೂ ಪುಸ್ತಕದಲ್ಲಿ ಇರುತ್ತಿತ್ತು. ಷಟರ್ ಎಳೆದ ಮೇಲೆ ಯಾರೂ ತಟ್ಟೆ ಮುಟ್ಟುತ್ತಿರಲಿಲ್ಲ.’ ಮರುದಿನ ಕಪಾಟಿನಿಂದ ಕೆಂಪು ರಟ್ಟಿನ ಹಳೆಯ ಲೆಕ್ಕದ ಪುಸ್ತಕ ತೆಗೆದುಕೊಟ್ಟರು. ಅರ್ಧ ಖಾಲಿ ಇತ್ತು. ಅವರ ಹಾಲು, ಉದ್ದಿನಬೇಳೆ, ಕಾಫಿಪುಡಿಯ ಲೆಕ್ಕ ಮುಗಿದ ಪುಟದಿಂದ ನನ್ನದು ಶುರುವಾಯಿತು. 2024ರ ಅಕ್ಟೋಬರ್ ತಿಂಗಳ ಮೊತ್ತ 271 ಗಂಟೆ. ಟೈಮ್‌ಶೀಟಿನಲ್ಲಿ 22 ದಿನಕ್ಕೆ 176. ಆ 95 ಗಂಟೆ ಎಲ್ಲಿಯಾದರೂ ಇದ್ದದ್ದು ಆ ಕೆಂಪು ಪುಸ್ತಕದಲ್ಲಿ ಮಾತ್ರ.

ಕನ್ನಡದವರಿಗಾಗಿಯೇ ಒಂದು ಮಾತು. ನನ್ನನ್ನು ತೆಗೆದುಕೊಂಡದ್ದು ಇಂಗ್ಲಿಷ್ ಬರೆಯಲು. ಕನ್ನಡ ಬರುತ್ತದೆ ಎಂದು ತಿಳಿದ ಮೇಲೆ ಯುಗಾದಿ, ರಾಜ್ಯೋತ್ಸವ, ದಸರಾ ಎಲ್ಲದರ ಕನ್ನಡವೂ ನನಗೇ ಬಂತು. ‘ಎರಡೇ ನಿಮಿಷದ್ದು’ ಎನ್ನುತ್ತಿದ್ದರು. ಯಂತ್ರ ಅನುವಾದಿಸಿದ್ದನ್ನು ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ಸುಲಭವಾಗಿರುತ್ತಿತ್ತು. ಬರೆದ ಮೇಲೂ ಮುಗಿಯುತ್ತಿರಲಿಲ್ಲ. ಡಿಸೈನ್ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳಿಗಾಗಿ ಇರುವ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸದಿದ್ದರೆ ಒತ್ತಕ್ಷರಗಳು ಒಡೆದುಹೋಗುತ್ತವೆ. ‘ರಾಜ್ಯೋತ್ಸವ’ದ ಯ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಂತಿರುತ್ತದೆ. ಕನ್ನಡ ಓದಲು ಬಾರದವರಿಗೆ ಅದು ತಪ್ಪೆಂದು ಕಾಣುವುದೇ ಇಲ್ಲ. ಹಾಗಾಗಿ ಒಂದೊಂದು ಚಿತ್ರವನ್ನೂ ನಾನೇ ನೋಡಿ ಕಳಿಸಬೇಕಿತ್ತು, ಕೆಲವೊಮ್ಮೆ ಲೋಕಲ್‌ನಲ್ಲಿ ನಿಂತುಕೊಂಡೇ. ಇದಕ್ಕೆ ಬೇರೆ ಹಣ ಕೇಳಿದೆ. ಭಾಷೆ ಹೆಚ್ಚುವರಿ ಕೌಶಲ, ಬೆಳವಣಿಗೆಗೆ ಒಳ್ಳೆಯದು ಎಂಬ ಉತ್ತರ ಬಂತು. ನನ್ನ ಭಾಷೆಯ ಕೆಲಸಕ್ಕೆ ಬೆಲೆಯಿಲ್ಲ ಎಂದು ಹೇಳಿಸಿಕೊಂಡದ್ದು ಇವತ್ತಿಗೂ ನೋಯುತ್ತದೆ.

ಅಕ್ಟೋಬರ್ ಕೊನೆಯ ವಾರ, ರಾತ್ರಿ ಹನ್ನೆರಡು ದಾಟಿತ್ತು. ಬಟ್ಟೆಯ ಬ್ರಾಂಡ್ ಒಂದಕ್ಕೆ ಹಬ್ಬದ ಶುಭಾಶಯ ಬರೆಯುತ್ತಿದ್ದೆ. ‘ದೀಪಾವ’ ಎಂದು ಬರೆದು ಕೈ ನಿಂತಿತು. ಮುಂದೆ ಳಿಯೋ ಲಿಯೋ ತಿಳಿಯಲಿಲ್ಲ. ಐದನೆಯ ವಯಸ್ಸಿನಲ್ಲಿ ಅಮ್ಮ ಅಕ್ಕಿಯ ಮೇಲೆ ಬೆರಳು ಹಿಡಿದು ಕಲಿಸಿದ ಅಕ್ಷರ. ಎರಡನ್ನೂ ಬರೆದು ನೋಡಿದೆ. ಎರಡೂ ಅಪರಿಚಿತವಾಗಿ ಕಂಡವು. ಶೌಚಾಲಯಕ್ಕೆ ಹೋಗಿ ಅತ್ತೆ. ಅದೇ ವಾರ ಲೋಕಲ್‌ನಲ್ಲಿ ನಿದ್ದೆ ಹೋಗಿ ಡೊಂಬಿವಲಿ ದಾಟಿ ಕಲ್ಯಾಣದಲ್ಲಿ ಇಳಿದೆ, ಒಂದಲ್ಲ ಎರಡು ದಿನ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು ಕಾಯಿಲೆ ಎಂದು ಕರೆಯದೆ ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ವಿವರಿಸಿತು. ಅದರ ಲಕ್ಷಣಗಳು ಮೂರು: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಮಾಡಿದ್ದು ಸಾಲದು ಎನಿಸುವುದು. ನಮ್ಮ ಡಾಕ್ಟರರು ರಕ್ತ ಪರೀಕ್ಷೆ ಮಾಡಿಸಿ, ‘ರಕ್ತದಲ್ಲಿ ಏನೂ ಇಲ್ಲ, ಕೆಲಸದ ಗಂಟೆ ಹೇಳಮ್ಮ’ ಎಂದರು. ಕೆಂಪು ಪುಸ್ತಕ ತೋರಿಸಿದೆ. ಎಚ್‌ಆರ್‌ಗೂ ತೋರಿಸಿದೆ. ಅವರು ಶುಕ್ರವಾರ ಸಂಜೆಯ ಯೋಗ ತರಗತಿಗೆ ಬರಲು ಹೇಳಿದರು. ಟೈಮ್‌ಶೀಟ್ ತುಂಬುವ ಹೊತ್ತೂ ಅದೇ ಆಗಿತ್ತು.

ದೀಪಾವಳಿ ಕಳೆದ ವಾರ ರಾಜೀನಾಮೆ ಕೊಟ್ಟೆ, 60 ದಿನಗಳ ನೋಟಿಸ್ ಪೂರೈಸಿದೆ. ಈಗ ಥಾಣೆ ನಗರದಲ್ಲಿ ಕಡಿಮೆ ಸಂಬಳದ ಕೆಲಸ. ಸಂಜೆ ಏಳರ ನಂತರದ ಸಂದೇಶಕ್ಕೆ ಬೆಳಿಗ್ಗೆ ಉತ್ತರಿಸಿದರೆ ಸಾಕು.

ಏಜೆನ್ಸಿ ಸೇರಬೇಡಿ ಎನ್ನುವುದಿಲ್ಲ. ಸಂದರ್ಶನದಲ್ಲಿ ಇಷ್ಟು ಕೇಳಿ: ಒಬ್ಬರ ಕೈಯಲ್ಲಿ ಎಷ್ಟು ಬ್ರಾಂಡ್? ತಿದ್ದುಪಡಿಗೆ ಕರಾರಿನಲ್ಲಿ ಮಿತಿ ಇದೆಯೇ? ಭಾನುವಾರ ಬಂದರೆ ಬದಲಿ ರಜೆ ಬರಹದಲ್ಲಿ ಕೊಡುತ್ತೀರಾ? ಸೆಂಟ್ರಲ್ ಲೈನಿನಲ್ಲಿ ದೂರದಿಂದ ಬರುವ ಹುಡುಗಿಯರು ರಾತ್ರಿಯ ವಾಹನದ ಬಗ್ಗೆ ಕೇಳಲು ಸಂಕೋಚಪಡಬೇಡಿ. ಕೊನೆಗೆ, ಟೈಮ್‌ಶೀಟಿನಲ್ಲಿ 8ಕ್ಕಿಂತ ಹೆಚ್ಚು ಬರೆಯಬಹುದೇ ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನೆ ಕುಳಿತಿರಿ.